ರೀಸ್ಟಾರ್ಟ್ ಆದರೂ ಡಿವಿಆರ್ ಗಡಿಯಾರ ತಪ್ಪದಿರಲು ಏನು ಮಾಡಬೇಕು?

ಸಿಸಿಟಿವಿ ಹಾಕಿಸಿಕೊಂಡವರಲ್ಲಿ ಬಹಳ ಮಂದಿ ಪರದೆಯ ಮೂಲೆಯ ಗಡಿಯಾರವನ್ನು ಗಮನಿಸುವುದು ಏನಾದರೂ ಕಳುವಾದ ಮೇಲೆಯೇ. ಕ್ಯಾಮೆರಾ ಚೆನ್ನಾಗಿರುತ್ತದೆ, ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆಯಾದ ಡಿವಿಆರ್‌ನ ಹಾರ್ಡ್ ಡಿಸ್ಕ್ ತುಂಬ ರೆಕಾರ್ಡಿಂಗ್ ಇರುತ್ತದೆ. ಆದರೆ ಮೊನ್ನೆ ರಾತ್ರಿ ಹನ್ನೊಂದು ಗಂಟೆಯ ದೃಶ್ಯ ಹುಡುಕಿದರೆ ಅಲ್ಲಿ ಹಾಡಹಗಲಿನ ವ್ಯಾಪಾರ ನಡೆಯುತ್ತಿರುತ್ತದೆ. ಇಲ್ಲವೇ ಕ್ಯಾಲೆಂಡರಿನಲ್ಲಿ ಆ ತಾರೀಖೇ ಖಾಲಿ ಇದ್ದು, ರೆಕಾರ್ಡಿಂಗ್ ಎಲ್ಲ 2000ನೇ ಇಸವಿಯ ಜನವರಿಗೆ ಹೋಗಿ ಕೂತಿರುತ್ತದೆ.

‘ಕರೆಂಟ್ ಹೋಗಿ ಬಂದಾಗಲೆಲ್ಲ ಟೈಮ್ ಕೆಡುತ್ತೆ ಸಾರ್’ ಎಂದು ಅಂಗಡಿಯವರು ಹೇಳುತ್ತಾರೆ. ಇನ್‌ಸ್ಟಾಲರ್ ಬಂದು ಟೈಮ್ ತಿದ್ದಿ, ಸರ್ವಿಸ್ ಚಾರ್ಜ್ ತೆಗೆದುಕೊಂಡು ಹೋಗುತ್ತಾನೆ. ಮುಂದಿನ ವಾರ ಅದೇ ಕಥೆ. ಬರೀ ಟೈಮ್ ತಿದ್ದಿದರೆ ಇದು ಮುಗಿಯುವುದಿಲ್ಲ. ರೀಸ್ಟಾರ್ಟ್ ಆದಾಗ ಗಡಿಯಾರ ತಪ್ಪುತ್ತಿದೆ ಎಂದರೆ ಬ್ಯಾಟರಿ, ಸೆಟ್ಟಿಂಗ್, ನೆಟ್‌ವರ್ಕ್ ಈ ಮೂರರಲ್ಲಿ ಯಾವುದೋ ಒಂದು ಮೊದಲೇ ಕೈಕೊಟ್ಟಿದೆ. ಯಾವುದೆಂದು ಪತ್ತೆ ಮಾಡುವುದು ಅಷ್ಟೇನೂ ಕಷ್ಟವಲ್ಲ.

ಡಿವಿಆರ್ ಒಳಗಿನ ಎರಡು ಗಡಿಯಾರ

ಡಿವಿಆರ್ ಒಳಗಿರುವುದು ಒಂದು ಪುಟ್ಟ ಕಂಪ್ಯೂಟರ್, ಸಾಮಾನ್ಯವಾಗಿ ಲಿನಕ್ಸ್‌ನಲ್ಲಿ ನಡೆಯುವಂಥದ್ದು. ಅದರಲ್ಲಿ ಎರಡು ಗಡಿಯಾರ ಇರುತ್ತವೆ. ಒಂದು ಸಾಫ್ಟ್‌ವೇರ್ ಗಡಿಯಾರ. ಪರದೆಯಲ್ಲಿ ಕಾಣುವುದೂ ರೆಕಾರ್ಡಿಂಗ್ ಮೇಲೆ ಅಚ್ಚಾಗುವುದೂ ಇದೇ. ವಿದ್ಯುತ್ ಹೋದೊಡನೆ ಇದು ಇಲ್ಲವಾಗುತ್ತದೆ. ಇನ್ನೊಂದು ಬೋರ್ಡ್ ಮೇಲಿನ ಆರ್‌ಟಿಸಿ, ಅಂದರೆ ರಿಯಲ್ ಟೈಮ್ ಕ್ಲಾಕ್. ಸೆಕೆಂಡಿಗೆ 32,768 ಸಲ ಕಂಪಿಸುವ ಪುಟ್ಟ ಸ್ಫಟಿಕ ಮತ್ತು ನಾಣ್ಯದಂಥ ಒಂದು ಸೆಲ್‌ನ ಬಲದಲ್ಲಿ, ಡಿವಿಆರ್ ಆಫ್ ಆಗಿರುವಾಗಲೂ ಇದು ಓಡುತ್ತಲೇ ಇರುತ್ತದೆ.

ಡಿವಿಆರ್ ಪ್ರತಿ ಸಲ ಆನ್ ಆದಾಗ ಮೊದಲು ಆರ್‌ಟಿಸಿಯಲ್ಲಿ ಎಷ್ಟು ಗಂಟೆ ಎಂದು ಓದಿಕೊಂಡು ಸಾಫ್ಟ್‌ವೇರ್ ಗಡಿಯಾರಕ್ಕೆ ಅದನ್ನೇ ಕೊಡುತ್ತದೆ. ಆಮೇಲೆ ಇಂಟರ್ನೆಟ್ ಇದ್ದರೆ ಎನ್‌ಟಿಪಿ ಎಂಬ ವ್ಯವಸ್ಥೆಯ ಮೂಲಕ ಯಾವುದಾದರೊಂದು ಟೈಮ್ ಸರ್ವರನ್ನು ಕೇಳಿ ತಿದ್ದಿಕೊಳ್ಳುತ್ತದೆ. ಸೆಲ್ ಸತ್ತಿದ್ದರೆ ಮೊದಲ ಹೆಜ್ಜೆ ತಪ್ಪುತ್ತದೆ. ನೆಟ್‌ವರ್ಕ್ ಸರಿಯಿಲ್ಲದಿದ್ದರೆ ಎರಡನೆಯದು ನಡೆಯುವುದೇ ಇಲ್ಲ.

ಎಲ್ಲ ಸರಿಯಿದ್ದರೂ ಸ್ಫಟಿಕ ಪೂರ್ತಿ ನಿಖರವಲ್ಲ. ಈ ಬಗೆಯ ಸ್ಫಟಿಕಗಳಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಮಾಮೂಲು. ಲೆಕ್ಕ ಹಾಕಿದರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಸುಮಾರು 52 ಸೆಕೆಂಡ್ ಆಯಿತು. ಸುಮಾರು 25 ಡಿಗ್ರಿಯ ಹದಕ್ಕೆಂದು ಮಾಡಿದ ಈ ಸ್ಫಟಿಕಗಳು ಬಿಸಿ ಏರಿದಂತೆ ನಿಧಾನವಾಗುತ್ತವೆ. 45 ಡಿಗ್ರಿಯಲ್ಲಿ ತಿಂಗಳಿಗೆ ಇನ್ನೂ 35 ಸೆಕೆಂಡ್ ಹಿಂದೆ ಬೀಳಬಹುದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅಟ್ಟದ ಮೇಲೆ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯೊಳಗೆ ಕೂತ ಡಿವಿಆರ್‌ಗೆ 45 ಡಿಗ್ರಿ ದೊಡ್ಡ ಸಂಗತಿಯೇನಲ್ಲ. ಕೈಯಿಂದ ಒಮ್ಮೆ ಟೈಮ್ ಹೊಂದಿಸಿ ಬಿಟ್ಟರೆ ಸಾಲದು ಎನ್ನುವುದು ಇದಕ್ಕೇ.

ಎಷ್ಟು ತಪ್ಪಿದೆ ಎಂದು ಮೊದಲು ನೋಡಿ

ಟೈಮ್ ತಿದ್ದುವ ಮುಂಚೆ ಅದು ಎಷ್ಟು ತಪ್ಪಿದೆ ಎಂದು ಬರೆದಿಟ್ಟುಕೊಳ್ಳಿ. ಮೊಬೈಲ್ ಗಡಿಯಾರವನ್ನು ಮಾನಿಟರ್ ಪಕ್ಕ ಹಿಡಿದು, ಇನ್ನೊಂದು ಮೊಬೈಲ್‌ನಿಂದ ಎರಡೂ ಕಾಣುವಂತೆ ಫೋಟೊ ತೆಗೆದರೆ ಸಾಕು. ಕಾಯಿಲೆ ಯಾವುದೆಂಬುದು ಮುಕ್ಕಾಲು ಪಾಲು ಆ ಅಂಕಿಯಲ್ಲೇ ಗೊತ್ತಾಗುತ್ತದೆ.

ಸರಿಯಾಗಿ ಎರಡೂವರೆ ಗಂಟೆ ಮುಂದಿದ್ದರೆ ಟೈಮ್ ಜೋನ್ ಚೀನಾದ್ದು. ಕಾರ್ಖಾನೆಯಿಂದ ಬಂದ ಜಿಎಂಟಿ+8:00 ಹಾಗೇ ಉಳಿದಿದೆ, ನಮ್ಮದು ಜಿಎಂಟಿ+5:30. ಇಂಥ ಡಿವಿಆರ್‌ನಲ್ಲಿ ಕೈಯಿಂದ ಟೈಮ್ ಸರಿ ಮಾಡಿದರೂ ಎನ್‌ಟಿಪಿ ಬಂದು ಮತ್ತೆ ಎರಡೂವರೆ ಗಂಟೆ ಮುಂದಕ್ಕೆ ತಳ್ಳುತ್ತದೆ. ‘ತಾನಾಗೇ ಕೆಡುತ್ತೆ’ ಎನ್ನುವ ದೂರು ಎಷ್ಟೋ ಸಲ ಇದೇ ಆಗಿರುತ್ತದೆ. ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಜೋನ್ ಜಿಎಂಟಿ+0 ಆಗಿದೆ.

ಸರಿಯಾಗಿ ಒಂದು ಗಂಟೆ ವ್ಯತ್ಯಾಸ, ಅದೂ ವರ್ಷದ ಕೆಲವು ತಿಂಗಳು ಮಾತ್ರ ಎಂದಾದರೆ ಡಿಎಸ್‌ಟಿ ಆನ್ ಆಗಿದೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಡೇಲೈಟ್ ಸೇವಿಂಗ್ ಪದ್ಧತಿ ಅದು. ಭಾರತದಲ್ಲಿ ಅದಿಲ್ಲ, ಆಫ್ ಮಾಡಿ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮನೆಗೆ ಕ್ಯಾಮೆರಾ ಹಾಕಿಸಿದವರಿಗೆ ಮಾತ್ರ ಅದು ಬೇಕು.

ಕೆಲವೇ ನಿಮಿಷ ಹಿಂದೆ ಮುಂದೆ ಇದ್ದು, ತಿಂಗಳು ಕಳೆದಂತೆ ಅದು ಬೆಳೆಯುತ್ತಿದ್ದರೆ ಸೆಲ್ ಸರಿಯಿದೆ, ಎನ್‌ಟಿಪಿ ಮಾತ್ರ ಕೆಲಸ ಮಾಡುತ್ತಿಲ್ಲ. ಇಸವಿಯೇ 1970 ಅಥವಾ 2000ಕ್ಕೆ ಹೋಗಿದ್ದರೆ ಸೆಲ್ ಸತ್ತಿದೆ. ಎಷ್ಟು ಹೊತ್ತು ಕರೆಂಟ್ ಇರಲಿಲ್ಲವೋ ಅಷ್ಟೇ ಹೊತ್ತು ಹಿಂದೆ ಬಿದ್ದಿದ್ದರೂ ಅನುಮಾನ ಸೆಲ್ ಮೇಲೆಯೇ. ಕೆಲವು ಅಗ್ಗದ ಡಿವಿಆರ್‌ಗಳು ಆಫ್ ಆಗುವಾಗಿನ ಸಮಯವನ್ನು ನೆನಪಿಟ್ಟುಕೊಂಡು, ಎದ್ದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತವೆ.

ತಾರೀಖು 5ರ ಬದಲು ತಿಂಗಳು 5 ಎಂದು ಕಂಡರೆ ಗಾಬರಿ ಬೇಡ. ಡೇಟ್ ಫಾರ್ಮ್ಯಾಟ್ ಅಮೆರಿಕದ ಕ್ರಮದಲ್ಲಿದೆ, ದಿನ-ತಿಂಗಳು-ವರ್ಷಕ್ಕೆ ಬದಲಿಸಿದರೆ ಆಯಿತು.

ಸೆಟ್ಟಿಂಗ್ ಸರಿಪಡಿಸುವ ಕ್ರಮ

ಅಡ್ಮಿನ್ ಪಾಸ್‌ವರ್ಡ್ ಬೇಕು. ಇನ್‌ಸ್ಟಾಲರ್ ಬಳಿ ಮಾತ್ರ ಇದ್ದರೆ ಇದೇ ನೆಪದಲ್ಲಿ ಕೇಳಿ ಪಡೆಯಿರಿ. ನಿಮ್ಮ ಡಿವಿಆರ್ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು.

ಮೆನು ಮಾದರಿಯಿಂದ ಮಾದರಿಗೆ ಬೇರೆ. ದಾಹುವಾ ಮತ್ತು ಸಿಪಿ ಪ್ಲಸ್ ಡಿವಿಆರ್‌ಗಳಲ್ಲಿ ಸಾಮಾನ್ಯವಾಗಿ ‘ಜನರಲ್’ ಒಳಗಿನ ‘ಡೇಟ್ ಅಂಡ್ ಟೈಮ್’ ಪುಟದಲ್ಲೇ ಎನ್‌ಟಿಪಿಯೂ ಇರುತ್ತದೆ. ಹಿಕ್‌ವಿಷನ್‌ನಲ್ಲಿ ಟೈಮ್ ಜೋನ್ ‘ಜನರಲ್’ನಲ್ಲಿ, ಎನ್‌ಟಿಪಿ ‘ನೆಟ್‌ವರ್ಕ್’ ವಿಭಾಗದಲ್ಲಿ ಸಿಗುತ್ತದೆ. ಎಲ್ಲೇ ಇರಲಿ, ಈ ಕ್ರಮ ಬಿಡಬೇಡಿ:

1. ಎನ್‌ಟಿಪಿ ಆಫ್ ಮಾಡಿ.

2. ಟೈಮ್ ಜೋನ್ ಜಿಎಂಟಿ+5:30ಕ್ಕೆ ಇಡಿ, ಡಿಎಸ್‌ಟಿ ಆಫ್ ಮಾಡಿ, ಅಪ್ಲೈ ಒತ್ತಿ.

3. ಈಗ ಕೈಯಿಂದ ಟೈಮ್ ಹಾಕಿ. ಒಂದು ನಿಮಿಷ ಮುಂದಿನ ಸಮಯ ಬರೆದು ಸೆಕೆಂಡ್ 00 ಇಟ್ಟುಕೊಂಡು, ಮೊಬೈಲ್‌ನಲ್ಲಿ ಆ ನಿಮಿಷ ಬಂದ ಕ್ಷಣಕ್ಕೆ ಸೇವ್ ಒತ್ತಿ.

4. ಆಮೇಲೆ ಎನ್‌ಟಿಪಿ ಆನ್ ಮಾಡಿ, ಸರ್ವರ್ ಹೆಸರು ಬರೆಯಿರಿ. ಪೋರ್ಟ್ 123 ಇರಲಿ.

5. ಎಷ್ಟು ಹೊತ್ತಿಗೊಮ್ಮೆ ಕೇಳಬೇಕು ಎಂಬ ಕಡೆ 60 ನಿಮಿಷ ಇಡಿ.

6. ‘ಮ್ಯಾನುಯಲ್ ಅಪ್‌ಡೇಟ್’ ಅಥವಾ ‘ಟೆಸ್ಟ್’ ಗುಂಡಿ ಇದ್ದರೆ ಒತ್ತಿ ನೋಡಿ.

ಎನ್‌ಟಿಪಿ ಇರುವಾಗ ಮೂರನೇ ಹೆಜ್ಜೆ ಯಾಕೆ ಎಂದು ಕೇಳಬಹುದು. ಕೆಲವು ಡಿವಿಆರ್‌ಗಳು ಎನ್‌ಟಿಪಿಯಿಂದ ಬಂದ ಸಮಯವನ್ನು ಸಾಫ್ಟ್‌ವೇರ್ ಗಡಿಯಾರಕ್ಕೆ ಮಾತ್ರ ಕೊಟ್ಟು, ಆರ್‌ಟಿಸಿಗೆ ಬರೆಯುವುದಿಲ್ಲ. ಆಗ ಪ್ರತಿ ರೀಸ್ಟಾರ್ಟ್‌ನಲ್ಲೂ ಆರ್‌ಟಿಸಿಯ ಹಳೇ ತಪ್ಪು ಸಮಯವೇ ಮೇಲೆ ಬರುತ್ತದೆ. ಕೈಯಿಂದ ಸೇವ್ ಮಾಡಿದ ಸಮಯ ಆರ್‌ಟಿಸಿಗೂ ಹೋಗುತ್ತದೆ.

ಸರ್ವರ್ ಯಾವುದು ಹಾಕಬೇಕು? ಭಾರತದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ಅಂದರೆ ಎನ್‌ಪಿಎಲ್. ಅದರ ಸರ್ವರ್ ‘ಟೈಮ್ ಡಾಟ್ ಎನ್‌ಪಿಎಲ್ಇಂಡಿಯಾ ಡಾಟ್ ಆರ್ಗ್’. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿಯದು ‘ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್’. ಇದರಲ್ಲಿ ಮೊದಲ ಪದದ ಅಕ್ಷರಗಳು ಎಸ್, ಎ, ಎಂ, ಎ, ವೈ, ಒಂದು. ಕಂಪನಿ, ಆಸ್ಪತ್ರೆ, ಕಾಲೇಜಿನ ಐಟಿ ವಿಭಾಗದವರಾದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವನ್ನೂ ಗಮನಿಸಿ. ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಗಳ ಗಡಿಯಾರ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿರಬೇಕು ಎನ್ನುತ್ತದೆ ಅದು. ಮನೆ, ಅಂಗಡಿಗೆ ‘ಇನ್ ಡಾಟ್ ಪೂಲ್ ಡಾಟ್ ಎನ್‌ಟಿಪಿ ಡಾಟ್ ಆರ್ಗ್’ ಕೂಡ ಆಗುತ್ತದೆ. ಒಂದು ಸಿಗದಿದ್ದರೆ ಇನ್ನೊಂದು ಹಾಕಿ ನೋಡಿ. ಹೆಸರಿನ ಬದಲು ಐಪಿ ನಂಬರ್ ಬರೆದಿಡಬೇಡಿ. ನಂಬರ್ ಬದಲಾದ ದಿನ ನಿಮಗೆ ಯಾರೂ ಬಂದು ಹೇಳುವುದಿಲ್ಲ.

ಟೆಸ್ಟ್ ಫೇಲ್ ಆದರೆ ನೂರಕ್ಕೆ ತೊಂಬತ್ತು ಸಲ ತಪ್ಪಿರುವುದು ಡಿಎನ್‌ಎಸ್‌ನಲ್ಲಿ ಎನ್ನುವುದು ನನ್ನ ಅನಿಸಿಕೆ. ಸರ್ವರ್ ಹೆಸರನ್ನು ನಂಬರ್ ಆಗಿ ಬದಲಿಸಿಕೊಡುವ ವ್ಯವಸ್ಥೆ ಅದು. ಡಿವಿಆರ್‌ಗೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ನೆಟ್‌ವರ್ಕ್ ವಿಳಾಸ ಕೊಟ್ಟು ಡಿಎನ್‌ಎಸ್ ಖಾಲಿ ಬಿಟ್ಟಿರುತ್ತಾರೆ. ಅಥವಾ ಇಂಟರ್ನೆಟ್ ಕಂಪನಿ ಬದಲಿಸಿದಾಗ ಹೊಸ ರೌಟರ್ ಬಂದು, ರೌಟರ್ ವಿಳಾಸ 192.168.1.1 ಇದ್ದದ್ದು 192.168.0.1 ಆಗಿದ್ದರೂ ಡಿವಿಆರ್‌ನ ಐಪಿಯೂ ಇಂಟರ್ನೆಟ್‌ಗೆ ಹೋಗುವ ದಾರಿಯಾದ ಗೇಟ್‌ವೇಯೂ ಹಳೆಯವೇ ಉಳಿದಿರುತ್ತವೆ. ಡಿವಿಆರ್ ಐಪಿಯನ್ನು ಹೊಸ ರೌಟರ್‌ನ ಸಾಲಿಗೇ ಬದಲಿಸಿ, ಗೇಟ್‌ವೇಗೆ ರೌಟರ್ ವಿಳಾಸ, ಡಿಎನ್‌ಎಸ್‌ಗೆ ಮೊದಲು ರೌಟರ್ ವಿಳಾಸ, ಎರಡನೆಯದಾಗಿ 8.8.8.8 ಹಾಕಿ. ಮೊಬೈಲ್ ಆ್ಯಪ್‌ನಲ್ಲಿ ಹೊರಗಿನಿಂದ ಕ್ಯಾಮೆರಾ ಕಾಣುತ್ತಿದೆ, ಟೈಮ್ ಮಾತ್ರ ಬರುತ್ತಿಲ್ಲ ಎಂದರೆ ಸರ್ವರ್ ಹೆಸರಿನ ಕಾಗುಣಿತ ನೋಡಿ, ಆಫೀಸಿನಲ್ಲಾದರೆ ಫೈರ್‌ವಾಲ್ ನೋಡಿ.

ಎನ್‌ಟಿಪಿಗೆಂದು ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡುವ ಅಗತ್ಯ ಇಲ್ಲವೇ ಇಲ್ಲ. ಡಿವಿಆರ್ ಒಳಗಿನಿಂದ ಹೊರಗೆ ಕೇಳುತ್ತದೆ, ಹೊರಗಿನವರು ಒಳಗೆ ಬರಬೇಕಾಗಿಲ್ಲ. ಯಾರಾದರೂ ‘123 ಓಪನ್ ಮಾಡಬೇಕು’ ಎಂದರೆ ಬೇಡ ಎನ್ನಿ.

ಮಂಗಳವಾರ ರಾತ್ರಿ ಎರಡು ಗಂಟೆ

ಅನೇಕ ಡಿವಿಆರ್‌ಗಳಲ್ಲಿ ‘ಆಟೋ ಮೇಂಟೇನ್’ ಎಂಬ ಪುಟ ಇರುತ್ತದೆ. ವಾರಗಟ್ಟಲೆ ಓಡಿದ ಯಂತ್ರ ಮೆಮೊರಿ ತುಂಬಿ ತೊದಲದಿರಲಿ ಎಂದು ವಾರಕ್ಕೊಮ್ಮೆ ತಾನೇ ರೀಸ್ಟಾರ್ಟ್ ಆಗುವ ವ್ಯವಸ್ಥೆ ಇದು. ಕೆಲವು ಬ್ರ್ಯಾಂಡ್‌ಗಳಲ್ಲಿ ಕಾರ್ಖಾನೆಯಿಂದಲೇ ಮಂಗಳವಾರ ರಾತ್ರಿ 2 ಗಂಟೆ ಎಂದು ಹಾಕಿ ಕಳಿಸುತ್ತಾರೆ.

ಈ ಸಮಯ ನನಗೆ ಒಪ್ಪಿಗೆಯಿಲ್ಲ. ರೀಸ್ಟಾರ್ಟ್ ಆಗುವ ಒಂದೆರಡು ನಿಮಿಷ ರೆಕಾರ್ಡಿಂಗ್ ಇರುವುದಿಲ್ಲ. ಅಂಗಡಿಗೆ ಕ್ಯಾಮೆರಾ ಅತಿ ಹೆಚ್ಚು ಬೇಕಾಗುವುದು ರಾತ್ರಿ ಎರಡಕ್ಕೇ ತಾನೆ? ಮಾಲೀಕರು ಗಲ್ಲಾದಲ್ಲಿ ಕೂತಿರುವ, ಜನ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿಗೆ ಬದಲಿಸಿ. ಗಡಿಯಾರ ತಪ್ಪಿದರೆ ಆಗಲೇ ಕಣ್ಣಿಗೆ ಬೀಳುತ್ತದೆ ಎಂಬ ಅನುಕೂಲವೂ ಇದೆ. ಮನೆಗಾದರೆ ಎಲ್ಲರೂ ಎದ್ದು ಓಡಾಡುವ ಬೆಳಗಿನ ಹೊತ್ತು ಒಳ್ಳೆಯದು. ಮಧ್ಯರಾತ್ರಿ 12ರ ಆಸುಪಾಸು ಮಾತ್ರ ಬೇಡ. ತಾರೀಖು ಬದಲಾಗುವ ಗಳಿಗೆಯಲ್ಲಿ ಗಡಿಯಾರ ಹಿಂದೆ ಮುಂದೆ ಆದರೆ ರೆಕಾರ್ಡಿಂಗ್ ಪಕ್ಕದ ದಿನಕ್ಕೆ ಜಾರುತ್ತದೆ.

ಅದೇ ಪುಟದಲ್ಲೋ ಹಾರ್ಡ್ ಡಿಸ್ಕ್ ಪುಟದಲ್ಲೋ ‘ಹಳೇ ಫೈಲ್ ತಾನಾಗಿ ಅಳಿಸು’ ಎಂಬರ್ಥದ ಆಯ್ಕೆ ಇರಬಹುದು. ಗಡಿಯಾರದ ಜೊತೆ ಸೇರಿದರೆ ಇದು ಅಪಾಯಕಾರಿ. 30 ದಿನ ಹಳೆಯದನ್ನು ಅಳಿಸು ಎಂದಿದ್ದು, ಯಾವುದೋ ಕಾರಣಕ್ಕೆ ಗಡಿಯಾರ ಎರಡು ತಿಂಗಳು ಮುಂದಕ್ಕೆ ಹಾರಿದರೆ ಡಿಸ್ಕ್‌ನಲ್ಲಿರುವ ಎಲ್ಲವೂ ಅದರ ಲೆಕ್ಕದಲ್ಲಿ ಹಳೆಯದೇ. ಜನ ಸೇರುವ ಸ್ಥಳಗಳಲ್ಲಿ 30 ದಿನದ ದೃಶ್ಯ ಉಳಿಸಬೇಕು ಎನ್ನುವ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ನಿಮಗೆ ಅನ್ವಯಿಸುವುದಾದರೆ ಈ ಆಯ್ಕೆಯನ್ನು ಆಫ್ ಮಾಡಿ, ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಬರೆಯುವ ‘ಓವರ್‌ರೈಟ್’ ಮಾತ್ರ ಇಟ್ಟುಕೊಳ್ಳಿ.

ಸೆಲ್ ಬದಲಿಸುವುದು

ಬಹುತೇಕ ಡಿವಿಆರ್‌ಗಳಲ್ಲಿ ಇರುವುದು ಸಿಆರ್2032 ಸೆಲ್: 3 ವೋಲ್ಟ್, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಚಿಕ್ಕ ಮಾದರಿಗಳಲ್ಲಿ 12.5 ಮಿಲಿಮೀಟರಿನ ಸಿಆರ್1220 ಇರಬಹುದು. ಸೆಲ್‌ನ ಬೆಲೆ ಒಂದು ಮಸಾಲೆ ದೋಸೆಗಿಂತ ಹೆಚ್ಚಿಲ್ಲ. ವಾರಂಟಿ ಸೀಲ್ ಇನ್ನೂ ಇದ್ದರೆ ನೀವೇ ಬಿಚ್ಚಬೇಡಿ, ಡೀಲರ್ ಬಳಿ ಮಾಡಿಸಿ.

ಬಿಚ್ಚುವುದಾದರೆ ಮೊದಲು ಮೆನುವಿನಿಂದ ಶಟ್‌ಡೌನ್ ಮಾಡಿ, ಅಡಾಪ್ಟರ್ ಕಿತ್ತು, ಹಾರ್ಡ್ ಡಿಸ್ಕ್ ತಿರುಗುವುದು ನಿಲ್ಲುವವರೆಗೆ ಒಂದು ನಿಮಿಷ ಬಿಡಿ. ಅಲ್ಲಾಡಿಸಬೇಡಿ. ಮೇಲಿನ ಮುಚ್ಚಳದ ಸ್ಕ್ರೂ ತೆಗೆದರೆ ಬೋರ್ಡ್ ಮೇಲೆ ಸೆಲ್ ಹೊಳೆಯುತ್ತದೆ. ಯಾವ ಮುಖ ಮೇಲಿತ್ತು ಎಂದು ಫೋಟೊ ತೆಗೆದುಕೊಂಡು, ಪಕ್ಕದ ಕ್ಲಿಪ್ಪನ್ನು ಮೆಲ್ಲಗೆ ತಳ್ಳಿ ಸೆಲ್ ಎತ್ತಿ. ಸ್ಕ್ರೂಡ್ರೈವರ್‌ನಿಂದ ಅಡಿಯಿಂದ ಮೀಟಿದರೆ ಕ್ಲಿಪ್ ಮುರಿಯುತ್ತದೆ. ಮಲ್ಟಿಮೀಟರ್ ಇದ್ದರೆ ಅಳೆಯಿರಿ: ಹೊಸದು 3 ವೋಲ್ಟ್‌ಗಿಂತ ತುಸು ಮೇಲಿರುತ್ತದೆ, 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಕೆಲವು ಬೋರ್ಡ್‌ಗಳಲ್ಲಿ ಸೆಲ್ ಬೆಸುಗೆ ಹಾಕಿರುತ್ತದೆ. ಅದು ಮೊಬೈಲ್ ರಿಪೇರಿಯವರ ಕೆಲಸ. ಬರಿ ಸೆಲ್‌ಗೆ ನೀವು ಬೆಸುಗೆ ಹಾಕಲು ಹೋಗಬೇಡಿ, ಬಿಸಿಗೆ ಸಿಡಿಯಬಹುದು. ಹಳೇ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ, ಟೇಪ್ ಸುತ್ತಿ ತೆಗೆದಿಡಿ. ಮಗು ನುಂಗಿದರೆ ಗಂಟೆಗಳೊಳಗೆ ಅನ್ನನಾಳ ಸುಡುತ್ತದೆ. ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ ಅದು.

ರೀಸ್ಟಾರ್ಟ್ ಕಡಿಮೆ ಮಾಡಿ

ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡುವ ಅಭ್ಯಾಸ ನಮ್ಮಲ್ಲಿದೆ. ಅದರ ಜೊತೆ ಡಿವಿಆರ್ ಕೂಡ ಆಫ್ ಆಗುತ್ತಿದೆಯೇ ನೋಡಿ. ಆಗುತ್ತಿದ್ದರೆ ರಾತ್ರಿಯ ರೆಕಾರ್ಡಿಂಗೇ ಇರುವುದಿಲ್ಲ, ಟೈಮ್ ಮಾತು ಆಮೇಲೆ. ಎಲೆಕ್ಟ್ರಿಷಿಯನ್ ಹತ್ತಿರ ಬೇರೆ ಲೈನ್ ಎಳೆಸಿ.

ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗ ಡಿವಿಆರ್ ರೀಸ್ಟಾರ್ಟ್ ಆದರೆ ಇನ್ವರ್ಟರ್ ಹಿಂದೆ ‘ಯುಪಿಎಸ್’ ಎಂಬ ಸ್ವಿಚ್ ಇದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಲೈನ್ ಬದಲಾಗಲು ತಗಲುವ ಕ್ಷಣದಲ್ಲಿ ಫ್ಯಾನಿಗೆ ಏನೂ ಆಗುವುದಿಲ್ಲ, ಡಿವಿಆರ್ ಮಾತ್ರ ಆಫ್ ಆಗಿಬಿಡುತ್ತದೆ. ಯುಪಿಎಸ್ ಮೋಡ್‌ನಲ್ಲಿ ಆ ಅಂತರ ತೀರಾ ಕಡಿಮೆ.

ಡಿವಿಆರ್‌ಗೆ ಬ್ಯಾಕಪ್ ಕೊಟ್ಟು ರೌಟರ್‌ಗೆ ಕೊಡದಿರುವುದೂ ಉಂಟು. ಎರಡಕ್ಕೂ ಇಲ್ಲದಿದ್ದರೆ ಇನ್ನೊಂದು ತೊಡಕು: ಕರೆಂಟ್ ಬಂದಾಗ ಡಿವಿಆರ್ ಬೇಗ ಎದ್ದು ಟೈಮ್ ಕೇಳುತ್ತದೆ, ಫೈಬರ್ ಪೆಟ್ಟಿಗೆಯೂ ರೌಟರ್ ಕೂಡ ಇನ್ನೂ ಏಳುತ್ತಿರುತ್ತವೆ. ಮೊದಲ ಪ್ರಯತ್ನ ವಿಫಲ. ಅಂತರ 1440 ನಿಮಿಷ ಎಂದಿದ್ದರೆ ಮುಂದಿನ ಪ್ರಯತ್ನ ಮರುದಿನ. ಮೇಲೆ 60 ನಿಮಿಷ ಎಂದದ್ದು ಇದಕ್ಕೇ.

ಪ್ಲಗ್ ಕಿತ್ತು ಪರೀಕ್ಷಿಸಿ

ಸೆಟ್ಟಿಂಗ್ ಮುಗಿಸಿ ‘ಆಯ್ತು’ ಎಂದು ಎದ್ದು ಹೋಗುವ ಮುನ್ನ ಮೂರು ಪರೀಕ್ಷೆ ಮಾಡಿ.

ಮೊದಲನೆಯದು: ನೆಟ್‌ವರ್ಕ್ ಕೇಬಲ್ ಇದ್ದಂತೆಯೇ ಮೆನುವಿನಿಂದ ರೀಸ್ಟಾರ್ಟ್ ಮಾಡಿ. ಇಲ್ಲೇ ಟೈಮ್ ತಪ್ಪಿದರೆ ಟೈಮ್ ಜೋನ್ ಅಥವಾ ಡಿಎಸ್‌ಟಿ ಇನ್ನೂ ಸರಿಯಾಗಿಲ್ಲ.

ಎರಡನೆಯದು: ನೆಟ್‌ವರ್ಕ್ ಕೇಬಲ್ ಕಿತ್ತು ಮತ್ತೆ ಮೆನುವಿನಿಂದ ರೀಸ್ಟಾರ್ಟ್ ಮಾಡಿ. ಈಗ ತಪ್ಪಿದರೆ ಆರ್‌ಟಿಸಿಗೆ ಸರಿಯಾದ ಸಮಯ ಹೋಗಿಲ್ಲ. ಸೆಟ್ಟಿಂಗ್ ಕ್ರಮದ ಮೂರನೇ ಹೆಜ್ಜೆ, ಅಂದರೆ ಕೈಯಿಂದ ಟೈಮ್ ಹಾಕುವುದನ್ನು, ಮತ್ತೆ ಮಾಡಿ.

ಮೂರನೆಯದು: ಕೇಬಲ್ ಕಿತ್ತಿರುವಾಗಲೇ ಶಟ್‌ಡೌನ್ ಮಾಡಿ, ಅಡಾಪ್ಟರ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಸೆಲ್‌ನ ನಿಜವಾದ ಪರೀಕ್ಷೆ ಇದೊಂದೇ. ಮೆನುವಿನಿಂದ ರೀಸ್ಟಾರ್ಟ್ ಮಾಡುವಾಗ ಬೋರ್ಡ್‌ಗೆ ಅಡಾಪ್ಟರಿನ ವಿದ್ಯುತ್ ಬರುತ್ತಲೇ ಇರುವುದರಿಂದ ಸತ್ತ ಸೆಲ್ ಕೂಡ ಸಿಕ್ಕಿಬೀಳುವುದಿಲ್ಲ. ಪ್ರತಿ ಮಂಗಳವಾರ ಸರಿಯಿದ್ದ ಗಡಿಯಾರ ಒಂದು ದೀರ್ಘ ಪವರ್ ಕಟ್‌ಗೆ 2000ಕ್ಕೆ ಓಡಿಹೋಗುವುದು ಹೀಗೆ.

ಇಂಟರ್ನೆಟ್ಟೇ ಇಲ್ಲದ ತೋಟದ ಮನೆ, ಗೋದಾಮುಗಳಲ್ಲಿ ಸೆಲ್ ಒಂದೇ ಆಧಾರ. ಅಲ್ಲಿ ಎರಡು ಮೂರು ವರ್ಷಕ್ಕೊಮ್ಮೆ, ಕೆಡುವ ಮುಂಚೆಯೇ ಸೆಲ್ ಬದಲಿಸಿ. ತಿಂಗಳಿಗೊಮ್ಮೆ ಕೈಯಿಂದ ಟೈಮ್ ಹೊಂದಿಸಿ. ಅಲ್ಲಿಗೆ ಹೋದಾಗ ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಹತ್ತು ನಿಮಿಷ ಇಂಟರ್ನೆಟ್ ಕೊಡಲು ಆದರೆ ಇನ್ನೂ ಒಳ್ಳೆಯದು. ಡಿವಿಆರ್ ಬದಲು ಎನ್‌ವಿಆರ್ ಮತ್ತು ಐಪಿ ಕ್ಯಾಮೆರಾ ಇದ್ದವರಿಗೆ ಒಂದು ಮಾತು: ಪ್ರತಿ ಕ್ಯಾಮೆರಾಕ್ಕೂ ಸ್ವಂತ ಗಡಿಯಾರ ಇರುತ್ತದೆ. ಒಂದೇ ಚಿತ್ರದಲ್ಲಿ ಎರಡು ಸಮಯ ಕಂಡರೆ ಕ್ಯಾಮೆರಾದ ಟೈಮ್ ಜೋನ್ ಕೂಡ ತಿದ್ದಬೇಕು.

ಘಟನೆ ಆಗಿಹೋದ ಮೇಲೆ ಟೈಮ್ ತಪ್ಪಿದ್ದು ಕಂಡರೆ

ಆಗ ತಿದ್ದಬೇಡಿ. ಕೈ ಮೊದಲು ಹೋಗುವುದೇ ಟೈಮ್ ಸರಿಮಾಡಲು, ಆದರೆ ತಡೆಯಿರಿ. ಡಿವಿಆರ್ ಸಮಯ ಮತ್ತು ಮೊಬೈಲ್ ಸಮಯ ಎರಡೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಯಿರಿ, ವ್ಯತ್ಯಾಸ ಲೆಕ್ಕ ಹಾಕಿ ಬರೆದಿಡಿ. ಗಡಿಯಾರ 47 ನಿಮಿಷ ಹಿಂದಿದ್ದರೆ ರಾತ್ರಿ 11:00ರ ಘಟನೆಯನ್ನು 10:13ರಲ್ಲಿ ಹುಡುಕಿ. 2000ನೇ ಇಸವಿಗೆ ಹೋಗಿದ್ದರೆ ಕ್ಯಾಲೆಂಡರಿನಲ್ಲಿ ಆ ವರ್ಷಕ್ಕೇ ಹೋಗಿ, ಕರೆಂಟ್ ಬಂದ ಗಳಿಗೆಯಿಂದ ಎಣಿಸಿಕೊಂಡು ಬನ್ನಿ. ಬೇಕಾದ ಭಾಗವನ್ನು, ಹಿಂದೆ ಮುಂದೆ ಅರ್ಧ ಗಂಟೆ ಸೇರಿಸಿ, ಪೆನ್‌ಡ್ರೈವ್‌ಗೆ ತೆಗೆದುಕೊಂಡ ಮೇಲೆಯೇ ಗಡಿಯಾರ ಮುಟ್ಟಿ. ಮೊದಲೇ ಹಿಂದಕ್ಕೆ ತಿರುಗಿಸಿದರೆ ಒಂದೇ ಗಂಟೆಗೆ ಎರಡು ರೆಕಾರ್ಡಿಂಗ್ ಆಗುತ್ತದೆ, ಪ್ಲೇಬ್ಯಾಕ್‌ನಲ್ಲಿ ಒಂದು ಕಾಣದೆ ಹೋಗಬಹುದು.

ಪೊಲೀಸರಿಗೆ ದೃಶ್ಯ ಕೊಡುವಾಗ ಈ ವ್ಯತ್ಯಾಸವನ್ನು ಬಾಯಿಮಾತಲ್ಲಿ ಹೇಳಿ ಬಿಡಬೇಡಿ, ಬರಹದಲ್ಲಿ ಕೊಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಹಿಂದಿನ ಕಾಯ್ದೆಯಲ್ಲಿ 65ಬಿ ಎನ್ನುತ್ತಿದ್ದದ್ದು ಇದೇ. ಉಪಕರಣ ಸರಿಯಾಗಿ ಕೆಲಸ ಮಾಡುತ್ತಿತ್ತೇ ಎಂಬುದು ಅದರಲ್ಲಿ ಬರುತ್ತದೆ. ಗಡಿಯಾರ ಇಷ್ಟು ನಿಮಿಷ ಹಿಂದಿತ್ತು, ಇಂಥ ದಿನ ಇಂಥ ಹೊತ್ತಿಗೆ ಪರಿಶೀಲಿಸಿದ್ದು ಎಂದು ಫೋಟೊ ಸಮೇತ ಮೊದಲೇ ಬರೆದುಕೊಟ್ಟಿದ್ದರೆ, ಮುಂದೆ ನ್ಯಾಯಾಲಯದಲ್ಲಿ ಎದುರು ವಕೀಲರು ಆ ಪ್ರಶ್ನೆ ಎತ್ತಿದಾಗ ಉತ್ತರ ಕಡತದಲ್ಲೇ ಇರುತ್ತದೆ.